ಗಾಳದ ಕೋಲು ಮತ್ತು ಆಟದ ನಿಯಮ

ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೊಡಬೇಕೆಂದು ಸೂಚನಾಫಲಕದಲ್ಲಿ ಪ್ರಕಟಣೆ ಬಿದ್ದ ದಿನವೇ ನನ್ನ ಸಹಪಾಠಿಗಳು ಗಹನವಾದ ವಿಷಯಗಳನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡುಬಿಟ್ಟರು. ಒಬ್ಬ ಮಿತ್ರನು ಪ್ರಜಾಪ್ರಭುತ್ವವನ್ನು ಹಿಡಿದನು. ಒಬ್ಬ ಸಹೋದರಿ ವಚನ ಸಾಹಿತ್ಯವನ್ನು ಹಿಡಿದಳು. ಮತ್ತೊಬ್ಬನು ನಿರುದ್ಯೋಗ ಸಮಸ್ಯೆಯನ್ನು ಹಿಡಿದನು. ಹೀಗಾಗಿ ಹಿಡಿಯುವುದಕ್ಕೆ ನನಗೆ ಉಳಿದದ್ದು ಮೀನು ಮಾತ್ರ.

"ಕಾಲೇಜಿನ ಸಂಚಿಕೆಯಲ್ಲಿ ಮೀನಿನ ವಾಸನೆಯೇ?" ಎಂದು ಮೂಗು ಮುಚ್ಚಿಕೊಳ್ಳುವ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕಾಗಿ ಪ್ರಾರ್ಥನೆ. ಮೀನು ತಿನ್ನುವವರೂ ತಿನ್ನದವರೂ ಒಂದೇ ಬೆಂಚಿನ ಮೇಲೆ ಕುಳಿತು ಓದುವ ಕಾಲೇಜು ನಮ್ಮದು. ಆದ್ದರಿಂದ ಸಾರಿನ ಮಾತನ್ನು ನಾನು ಇಲ್ಲಿ ಎತ್ತುವುದಿಲ್ಲ. ಬಡ ವಿದ್ಯಾರ್ಥಿಯೊಬ್ಬನು ಗಾಳದ ಕೋಲನ್ನು ಹೇಗೆ ಆರಿಸಬೇಕು, ಎರೆಯನ್ನು ಹೇಗೆ ಆರಿಸಬೇಕು, ಎಂಥ ಎರೆಯನ್ನು ಕೈಯಲ್ಲಿದ್ದರೂ ಎಸೆಯಬಾರದು ಎಂಬ ಮೂರು ಮಾತುಗಳನ್ನು ಮಾತ್ರ ಹೇಳುತ್ತೇನೆ. ಮೊದಲಿನ ಎರಡು ಗಾಳ ಹಾಕುವವರಿಗೆ, ಮೂರನೆಯದು ಎಲ್ಲರಿಗೂ.

ನಮ್ಮ ತಾಲ್ಲೂಕಿನವರಿಗೆ ಸೂಳೆಕೆರೆಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಗುಡ್ಡಗಳ ನಡುವೆ ಏರಿ ಹಾಕಿ, ಹರಿಯುವ ಹಳ್ಳವನ್ನು ತಡೆದು ನಿಲ್ಲಿಸಿದ ಈ ಕೆರೆಯನ್ನು ಶಾಂತವ್ವನೆಂಬ ರಾಜಕುಮಾರಿ ಕಟ್ಟಿಸಿದಳೆಂದು ಐತಿಹ್ಯ. ಶಾಂತಿಸಾಗರವೆಂಬುದು ಅದರ ಮತ್ತೊಂದು ಹೆಸರು. ಏಷ್ಯಾ ಖಂಡದಲ್ಲಿಯೇ ಎರಡನೆಯ ದೊಡ್ಡ ಕೆರೆ ಇದು ಎಂದು ನಮ್ಮೂರಿನ ಪ್ರತಿಯೊಬ್ಬರೂ ಬಂದ ನೆಂಟರಿಗೆ ಹೇಳುತ್ತಾರೆ. ಮೊದಲನೆಯದು ಯಾವುದೆಂದು ನೆಂಟರು ಕೇಳುವುದಿಲ್ಲವಾದ್ದರಿಂದ ನಮ್ಮ ಹೆಮ್ಮೆಗೆ ಭಂಗವಿಲ್ಲ. ಇಲ್ಲಿಂದ ಹೊರಟ ನೀರು ಹರಿಹರದ ಬಳಿ ತುಂಗಭದ್ರೆಯನ್ನು ಕೂಡಿಕೊಳ್ಳುತ್ತದೆ. ಕೆರೆಯ ಕೆಳಗೆ ಬತ್ತದ ಗದ್ದೆಗಳು, ಅಡಕೆಯ ತೋಟಗಳು. ಕೆರೆಯ ಒಳಗೆ ಕಾಟ್ಲಾ, ರೋಹು ಮುಂತಾದ ಬಿತ್ತಿ ಬೆಳೆಸುವ ಮೀನುಗಳು. ಅಂಚಿನ ಜೊಂಡಿನಲ್ಲಿ ಯಾರೂ ಬಿತ್ತದೆ ತಾವೇ ಬೆಳೆದ ಕೊರವ ಮೀನುಗಳು.

ಮಳೆಗಾಲದಲ್ಲಿ ಭಾನುವಾರ ಬಂತೆಂದರೆ ಕೆರೆಯಂಚಿನಲ್ಲಿ ತರುಣರ ಸಾಲೊಂದು ಕಾಣುತ್ತದೆ. ಅವರಲ್ಲಿ ನಮ್ಮ ಕಾಲೇಜಿನವರೂ ಇದ್ದಾರೆ. ಕೈಯಲ್ಲಿ ಬಣ್ಣದ ಕೋಲು, ಜೇಬಿನಲ್ಲಿ ಮೊಬೈಲು. ಮೊಬೈಲಿನಲ್ಲಿ ಅಮೆರಿಕದವನೊಬ್ಬನು ದೋಣಿಯಲ್ಲಿ ನಿಂತು ಬಾಸ್ ಎಂಬ ಮೀನನ್ನು ಹಿಡಿಯುವ ಚಿತ್ರ ಓಡುತ್ತಿರುತ್ತದೆ. ಅವನು ಯಾವ ಎರೆಯನ್ನು ಎಸೆದನೋ ಅದೇ ನಮಗೂ ಬೇಕು. ಅವನ ಕೋಲಿನ ಬೆಲೆ ನಮ್ಮ ವರ್ಷದ ಹಾಸ್ಟೆಲ್ ಖರ್ಚನ್ನು ಮೀರಿದರೂ ಅದರ ತಮ್ಮನಾದರೂ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನೀರಿನ ಬಳಿ ಯಾರಿಗೂ ನೆನಪಾಗುವುದಿಲ್ಲ.

ಬಾಸ್ ಉತ್ತರ ಅಮೆರಿಕದ ಮೀನು, ನಮ್ಮ ಕೆರೆಯದಲ್ಲ. ಆದರೂ ಆ ಚಿತ್ರಗಳಿಂದ ನಮಗೆ ಏನೂ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. ಏಕೆಂದರೆ ಸ್ವಭಾವದಲ್ಲಿ ನಮ್ಮ ಕೊರವ ಅದರ ದಾಯಾದಿಯಂತಿದೆ. ಎರಡೂ ಅಗಲ ಬಾಯಿಯವು. ಎರಡೂ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಕಳೆಯ ಮರೆಯಲ್ಲಿ ಹೊಂಚು ಹಾಕುವುದನ್ನೇ ಬಲ್ಲವು. ಕಪ್ಪೆ ಕುಪ್ಪಳಿಸಿದರೆ ಎರಡೂ ಸುಮ್ಮನಿರಲಾರವು. ಕೊರವಕ್ಕೆ ಮತ್ತೊಂದು ವಿಶೇಷವಿದೆ. ಅದು ನೀರಿನೊಳಗಿನ ಉಸಿರನ್ನು ಮಾತ್ರ ನಂಬಿಕೊಂಡಿಲ್ಲ. ಆಗಾಗ ಮೇಲೆ ಬಂದು ಗುಳುಕ್ಕೆಂದು ಗಾಳಿಯನ್ನು ನುಂಗಿ ಕೆಳಗಿಳಿಯುತ್ತದೆ. ಈ ಗುಳುಕ್ ಶಬ್ದವನ್ನು ಗುರುತಿಸಬಲ್ಲವನಿಗೆ ಅರ್ಧ ವಿದ್ಯೆ ಬಂದಂತೆ. ಅದಕ್ಕೆ ಯಾವ ಅಂಗಡಿಯಲ್ಲೂ ಹಣ ಕೊಡಬೇಕಾಗಿಲ್ಲ.

ಇದನ್ನು ನಾನು ಹಣ ಕೊಟ್ಟೇ ಕಲಿತೆ. ಮೊದಲ ವರ್ಷದ ವಿದ್ಯಾರ್ಥಿವೇತನ ಕೈಗೆ ಬಂದಾಗ ಎರಡು ಸಾವಿರ ರೂಪಾಯಿಗಳನ್ನು ಸುರಿದು ಉದ್ದ ಕೋಲೊಂದನ್ನೂ ಅರ್ಧ ಡಜನ್ ಬಣ್ಣದ ಎರೆಗಳನ್ನೂ ತರಿಸಿಕೊಂಡೆ. ಕೋಲು ಒಂದರೊಳಗೊಂದು ಮಡಚಿಕೊಳ್ಳುವ ಜಾತಿಯದು. ಚೀಲದಲ್ಲಿ ಅಡಗುತ್ತದೆಂಬುದೇ ಅದರ ಏಕೈಕ ಗುಣ. ಮೂರನೆಯ ಭಾನುವಾರ ಅದು ಕೀಲಿನಲ್ಲಿ ಮುರಿಯಿತು. ಎರೆಗಳಲ್ಲಿ ನಾಲ್ಕು ಜೊಂಡಿಗೆ ಸಿಕ್ಕಿ ಕೆರೆಯ ಪಾಲಾದವು. ಮೀನು ಮಾತ್ರ ಸಿಕ್ಕಲಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನು ಕೆರೆಯಲ್ಲಿ ಮೀನೇ ಇಲ್ಲವೆಂದು ಸಾರಿಕೊಂಡು ಬಂದೆ. ಅದೇ ಸಂಜೆ ನನ್ನ ಸೋದರಮಾವ ಬಿದಿರಿನ ಕೋಲಿನಲ್ಲಿ ಎರಡು ಮೀನು ತಂದು ಅಂಗಳದಲ್ಲಿ ಇಟ್ಟರು. ಆಮೇಲೆ ಬಹಳ ದಿನ ನಾನು ಆ ವಿಷಯವನ್ನು ಎತ್ತಲಿಲ್ಲ.

ಆದ್ದರಿಂದ ಮೊದಲ ಮಾತು, ಕೋಲಿನದು. ಕಲಿಯುವವನಿಗೆ ಬಿದಿರೇ ಸಾಕು. ಒಳಗೆ ಪೊಳ್ಳು ಕಡಿಮೆಯಿರುವ ಗಟ್ಟಿ ಜಾತಿಯ, ಬಲಿತ ಬಿದಿರನ್ನು ಆರಿಸಬೇಕು. ಎಳೆಯದಾದರೆ ಒಣಗಿದಾಗ ಸುಕ್ಕುಗಟ್ಟಿ ಬಾಗುತ್ತದೆ. ಅದನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಬೇಕು. ಸೊಟ್ಟಗಿದ್ದಲ್ಲಿ ಕೆಂಡದ ಬಿಸಿ ತೋರಿಸಿ ನಿಧಾನವಾಗಿ ನೇರ ಮಾಡಬೇಕು. ಹಿಡಿಯ ಕಡೆ ಗಟ್ಟಿ, ತುದಿಯ ಕಡೆ ಬಳುಕು. ಒಳ್ಳೆಯ ಕೋಲಿನ ಲಕ್ಷಣ ಇಷ್ಟೆ. ಎರೆಹುಳುವಿಗೋ ರಾಗಿಹಿಟ್ಟಿನ ಉಂಡೆಗೋ ಬರುವ ಸಣ್ಣಪುಟ್ಟ ಮೀನಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಜೋಳದ ದಂಟಿನ ಬೆಂಡೊಂದನ್ನು ದಾರಕ್ಕೆ ಕಟ್ಟಿದರೆ ಅದು ಮುಳುಗುವುದನ್ನು ನೋಡುತ್ತಾ ನೋಡುತ್ತಾ ಕಣ್ಣಿಗೆ ಏಕಾಗ್ರತೆ ಬರುತ್ತದೆ. ತರಗತಿಯಲ್ಲಿ ಬಾರದ ಏಕಾಗ್ರತೆ ಅಲ್ಲಿ ಹೇಗೆ ಬರುತ್ತದೆಂಬುದನ್ನು ನಮ್ಮ ಅಧ್ಯಾಪಕರು ವಿಚಾರಿಸಬಹುದು.

ಕೊರವವನ್ನು ದೂರದಿಂದ ಎರೆ ಎಸೆದು ಹಿಡಿಯಬೇಕೆನ್ನುವವನಿಗೆ ರೀಲಿನ ಕೋಲು ಬೇಕು. ಅದನ್ನು ಕೊಳ್ಳುವಾಗ ಬಣ್ಣವನ್ನೂ ಹೆಸರನ್ನೂ ನೋಡದೆ ನಾಲ್ಕು ಸಂಗತಿಗಳನ್ನು ನೋಡಬೇಕು. ಮೊದಲನೆಯದಾಗಿ, ಮಡಚುವ ಕೋಲಿಗಿಂತ ಎರಡೇ ತುಂಡುಗಳ ಕೋಲು ಮೇಲು. ಕೀಲುಗಳು ಹೆಚ್ಚಿದಷ್ಟೂ ಮುರಿಯುವ ಜಾಗಗಳು ಹೆಚ್ಚು. ಎರಡನೆಯದಾಗಿ, ಕೋಲಿನ ಬುಡದಲ್ಲಿ ಅದು ಎಷ್ಟು ಗ್ರಾಂ ತೂಕದ ಎರೆಯನ್ನು ಎಸೆಯಬಲ್ಲದೆಂದು ಅಚ್ಚು ಹಾಕಿರುತ್ತಾರೆ. 15 ಗ್ರಾಂ ತೂಗುವ ಕಪ್ಪೆಯೆರೆಯನ್ನು 5 ಗ್ರಾಂ ಕೋಲಿನಿಂದ ಎಸೆಯುವುದು ಕರುವಿಗೆ ಗಾಡಿ ಕಟ್ಟಿದಂತೆ. ಆರೂವರೆ ಏಳು ಅಡಿ ಉದ್ದದ, 10ರಿಂದ 30 ಗ್ರಾಂ ವರೆಗೆ ಎಸೆಯಬಲ್ಲ, ಕೊಂಚ ಬಿಗಿಯಾದ ಕೋಲು ನಮ್ಮ ಜೊಂಡಿನ ಕೆರೆಗೆ ಸರಿಯಾದದ್ದು. ಮೂರನೆಯದಾಗಿ, ದಾರ ಹಾಯುವ ಉಂಗುರಗಳೊಳಗೆ ಸ್ವಲ್ಪ ಹತ್ತಿಯನ್ನು ತೂರಿಸಿ ತಿರುಗಿಸಬೇಕು. ಎಳೆ ಸಿಕ್ಕಿಕೊಂಡರೆ ಆ ಉಂಗುರ ಒರಟೆಂದು, ನಾಳೆ ದಾರವನ್ನು ಕೊಯ್ಯುವುದೆಂದು ತಿಳಿಯಬೇಕು. ನಾಲ್ಕನೆಯದಾಗಿ, ಕೋಲಿನಲ್ಲಿ ಉಳಿಸಿದ ಹಣವನ್ನು ದಾರಕ್ಕೂ ಗಾಳದ ಮುಳ್ಳಿಗೂ ಹಾಕಬೇಕು. ಮೀನಿಗೂ ನಮಗೂ ನಡುವೆ ನಿಜವಾದ ಸಂಬಂಧವಿರುವುದು ಆ ಎರಡರದೇ. ಜೊಂಡಿನಲ್ಲಿ ಎಳೆಯಬೇಕಾದ್ದರಿಂದ ಹೆಣೆದ ದಾರವೇ ಒಳ್ಳೆಯದು.

ಎರಡನೆಯ ಮಾತು ಎರೆಯದು. ಎರೆಯನ್ನು ಕುರಿತು ನಮ್ಮ ನಾಡಿನವರು ಚಿಂತಿಸತೊಡಗಿದ್ದು ನಿನ್ನೆ ಮೊನ್ನೆಯಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಏನು ತಿನಿಸು, ಕೋಲು ದಾರಗಳು ಹೇಗಿರಬೇಕು ಎಂಬುದನ್ನೆಲ್ಲ ಅರಸನು ಅಲ್ಲಿ ವಿವರಿಸಿದ್ದಾನೆ. ಸುಂದರಲಾಲ್ ಹೋರಾ ಎಂಬ ಹೆಸರಾಂತ ಮತ್ಸ್ಯಶಾಸ್ತ್ರಜ್ಞರು 1951ರಲ್ಲಿ ಈ ಪ್ರಕರಣವನ್ನು ಕುರಿತು ಪ್ರಬಂಧ ಬರೆದು ವಿದ್ವಾಂಸರ ಗಮನಕ್ಕೆ ತಂದರು. ನಮ್ಮ ಗ್ರಂಥಾಲಯಕ್ಕೆ ಆ ಗ್ರಂಥ ಬಂದರೆ ಇತಿಹಾಸದ ವಿದ್ಯಾರ್ಥಿಗಳಿಗೂ ಗಾಳದ ವಿದ್ಯಾರ್ಥಿಗಳಿಗೂ ಏಕಕಾಲದಲ್ಲಿ ಉಪಕಾರವಾದೀತು.

ಮೀನನ್ನು ಅರಿತವನೇ ಎರೆಯನ್ನು ಅರಿಯುತ್ತಾನೆಂಬುದು ಇದರ ಸಾರ. ಹುಸಿ ಎರೆಗಳು ನೂರು ಬಗೆಯಿದ್ದರೂ ನಮ್ಮ ಕೆರೆಗೆ ಮೂರು ಸಾಕೆಂದು ನನ್ನ ಅನುಭವ. ಒಂದು, ಮೆತ್ತನೆಯ ರಬ್ಬರಿನ ಪೊಳ್ಳು ಕಪ್ಪೆ. ಇದರ ಮುಳ್ಳುಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುವುದರಿಂದ ಅಂತರಗಂಗೆಯ ಮೇಲೂ ತಾವರೆಯೆಲೆಯ ಮೇಲೂ ಸಿಕ್ಕಿಕೊಳ್ಳದೆ ಜಾರಿ ಬರುತ್ತದೆ. ಮೀನು ಕಚ್ಚಿದ ಕ್ಷಣವೇ ಎಳೆಯದೆ, ಒಂದೆರಡು ಎಣಿಸಿ ಎಳೆಯಬೇಕು. ಎರಡು, ಹೊಳೆಯುವ ಲೋಹದ ಚಮಚದಂಥ ಎರೆ, ಕಳೆಯಿಲ್ಲದ ತಿಳಿನೀರಿಗೆ. ಮೂರು, ಸಣ್ಣ ಮೀನಿನ ಆಕಾರದ್ದು. ಏರಿಯ ಕಲ್ಲುಗಳ ಮಗ್ಗುಲಿಗೆ. ನೀರು ಕದಡಿದಾಗ ಕಪ್ಪು ಬಣ್ಣ, ತಿಳಿಯಾಗಿದ್ದಾಗ ಕಪ್ಪೆಯ ಬಣ್ಣ. ಅಂಗಡಿಯವನು ತೋರಿಸುವ ಮಿಕ್ಕ ಬಣ್ಣಗಳೆಲ್ಲ ಮೀನನ್ನು ಹಿಡಿಯುವುದಕ್ಕಲ್ಲ, ನಮ್ಮನ್ನು ಹಿಡಿಯುವುದಕ್ಕೆ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಜೇಮ್ಸ್ ಹೆಡನ್ ಎಂಬಾತನು 1890ರ ದಶಕದ ಕೊನೆಯಲ್ಲಿ ಮರದಲ್ಲಿ ಕಪ್ಪೆಯನ್ನು ಕೆತ್ತಿ ಬಾಸ್ ಹಿಡಿಯುತ್ತಿದ್ದನು. ಮುಂದೆ ಅವನ ಮನೆತನದ ಎರೆ ತಯಾರಿಕೆ ಪ್ರಸಿದ್ಧವಾಯಿತು. ಮರ ಕೆತ್ತುವ ಕೈ ನಮ್ಮಲ್ಲೇನು ಕಡಿಮೆಯೇ? ಹಗುರ ಮರದ ತುಂಡು, ಒಂದು ಮುಳ್ಳು, ಸ್ವಲ್ಪ ಬಣ್ಣ ಇದ್ದರೆ ಹಾಸ್ಟೆಲಿನ ಕೋಣೆಯಲ್ಲೇ ಕಪ್ಪೆ ಹುಟ್ಟುತ್ತದೆ. ಜೀವಂತ ಕಪ್ಪೆಯನ್ನು ಮುಳ್ಳಿಗೆ ಚುಚ್ಚುವ ಪದ್ಧತಿಯನ್ನಂತೂ ನಾನು ಖಂಡಿಸುತ್ತೇನೆ. ಅದು ಕ್ರೌರ್ಯವೆಂಬುದು ಒಂದು. ಕಪ್ಪೆ ಗದ್ದೆಯ ಹುಳುಹುಪ್ಪಟೆಗಳನ್ನು ತಿಂದು ರೈತನಿಗೆ ನೆರವಾಗುವುದೆಂಬುದು ಇನ್ನೊಂದು. ಕಪ್ಪೆಯ ಕಾಲುಗಳ ರಫ್ತನ್ನು ಭಾರತ ಸರ್ಕಾರ 1987ರಲ್ಲಿ ನಿಷೇಧಿಸಿತು. ಪರದೇಶದವರ ತಟ್ಟೆಗೆ ಕಳಿಸಬಾರದೆಂದ ಕಪ್ಪೆಯನ್ನು ನಾವು ಗಾಳಕ್ಕೆ ಕಳಿಸುವುದು ಯಾವ ನ್ಯಾಯ?

ಈಗ ಮೂರನೆಯ ಮಾತು. ಈ ಲೇಖನವನ್ನು ಬರೆಯಲು ಕಾರಣವಾದದ್ದು ಅದೇ.

ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಮಾವನೊಡನೆ ನಮ್ಮೂರ ಕೆರೆಯಂಚಿಗೆ ಹೋಗಿದ್ದೆ. ಬೆಳಗಿನಿಂದ ಏನೂ ಕಚ್ಚಿರಲಿಲ್ಲ. ಜೊಂಡಿನ ನಡುವೆ ಒಂದು ಬಯಲಾದ ಜಾಗದಲ್ಲಿ ನೀರು ಕುದಿಯುವಂತೆ ಕಂಡಿತು. ಸೂಕ್ಷ್ಮವಾಗಿ ನೋಡಿದರೆ ಕೆಂಪು ಕೆಂಪಾದ ನೂರಾರು ಮರಿಗಳು, ಬೆರಳಿನ ಉಗುರಿನಷ್ಟು ಉದ್ದದವು, ಒಂದೇ ಮುದ್ದೆಯಾಗಿ ಮೇಲೆ ಬಂದು ಗಾಳಿ ನುಂಗಿ ಕೆಳಗಿಳಿಯುತ್ತಿದ್ದವು. ಮಾವ ಪಿಸುಗುಟ್ಟಿದರು: "ಅಳಿಯಾ, ಅದರ ನಡುವೆ ಎಸಿ. ಅಡಿಯಾಗೆ ದೊಡ್ಡದು ಐತೆ. ಕಚ್ಚದಿದ್ರೆ ನನ್ನ ಹೆಸರು ಬದಲಾಯಿಸು."

ಎಸೆದೆ. ಮೊದಲ ಸಲ ಕಪ್ಪೆಯೆರೆಯನ್ನು ಅದು ಮೂತಿಯಿಂದ ಗುದ್ದಿ ದೂಡಿತು. ಎರಡನೆಯ ಸಲವೂ ದೂಡಿತು. ಮೂರನೆಯ ಸಲ ಬಾಯಿ ಹಾಕಿತು. ಎರಡು ಕಿಲೋಗ್ರಾಂ ತೂಗುವ ಕೊರವ. ಅಷ್ಟು ದೊಡ್ಡ ಮೀನನ್ನು ನಾನು ಅದಕ್ಕೆ ಮೊದಲೂ ಹಿಡಿದಿಲ್ಲ, ಆಮೇಲೂ ಹಿಡಿದಿಲ್ಲ. ಊರಿನಲ್ಲಿ ಎಲ್ಲರಿಗೂ ತೋರಿಸಿದೆ, ಚಿತ್ರ ತೆಗೆಸಿಕೊಂಡೆ.

ಮರುದಿನ ಬೆಳಿಗ್ಗೆ ಇನ್ನೊಂದರ ಆಸೆಯಿಂದ ಅಲ್ಲಿಗೇ ಹೋದೆ. ಮರಿಗಳ ಮುದ್ದೆ ಒಡೆದಿತ್ತು. ಮೂರೋ ನಾಲ್ಕೋ ಸಣ್ಣ ಗುಂಪುಗಳು ಚದುರಿಹೋಗಿ ದಿಕ್ಕು ತಿಳಿಯದೆ ಸುತ್ತುತ್ತಿದ್ದವು. ಸಣ್ಣ ಮೀನುಗಳು ಕೆಳಗಿನಿಂದ ಬಂದು ಅವನ್ನು ಹೆಕ್ಕಿಕೊಂಡು ಹೋಗುತ್ತಿದ್ದವು. ಮೇಲೆ ಒಂದು ಬೆಳ್ಳಕ್ಕಿ ನಿಂತು ಅವಸರವಿಲ್ಲದೆ ತನ್ನ ಪಾಲನ್ನು ತೆಗೆದುಕೊಳ್ಳುತ್ತಿತ್ತು. ಸಂಜೆಗೆ ಅಲ್ಲಿ ಒಂದು ಕೆಂಪು ಚುಕ್ಕೆಯೂ ಕಾಣಲಿಲ್ಲ.

ಆಮೇಲೆ ಓದಿ ತಿಳಿದೆ: ಕೊರವದ ತಂದೆತಾಯಿಗಳು ಮೊಟ್ಟೆಯನ್ನೂ ಮರಿಗಳನ್ನೂ ಕಾಯುತ್ತವೆ, ಹತ್ತಿರ ಬಂದುದನ್ನು ಹೊಡೆದಟ್ಟುತ್ತವೆ. ಹಾಗಾದರೆ ನನ್ನ ಎರೆಯನ್ನು ಅದು ತಿನಿಸೆಂದು ಕಚ್ಚಲಿಲ್ಲ. ಮಕ್ಕಳ ನಡುವೆ ಬಿದ್ದ ಶತ್ರುವೆಂದು ಕಚ್ಚಿತು. ಎರಡು ಸಲ ದೂಡಿ ಎಚ್ಚರಿಸಿ ಮೂರನೆಯ ಸಲ ಕಚ್ಚಿತು. ನಾನು ನನ್ನ ಜಾಣತನವೆಂದು ಮೆರೆದದ್ದು ಅದರ ಮಮತೆಯನ್ನು ಗಾಳಕ್ಕೆ ಚುಚ್ಚಿದ್ದಷ್ಟೇ ಆಗಿತ್ತು. ಎಂದೂ ತಪ್ಪದ ಎರೆಯೊಂದಿದ್ದರೆ ಅದು ಇದು. ನಾವು ಎಸೆಯಬಾರದ ಎರೆಯೂ ಇದೇ.

ಈ ಮಾತನ್ನು ಮಾವನ ಮುಂದೆ ಆಡಿದಾಗ ಅವರು ನಕ್ಕರು. "ಬಲೆ ಹಾಕೋರು ಬುಟ್ಟಿಗಟ್ಟಲೆ ಹೊತ್ಕಂಡು ಹೋಗ್ತಾರೆ, ನಿನ್ನದೊಂದು ಮೀನಿಗೆ ಕೆರೆ ಬರಿದಾಗುತ್ತೇನು?" ಎಂದರು. ಹಾಸ್ಟೆಲಿನ ಗೆಳೆಯರ ವಾದವೂ ಇದೇ. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬಲೆ ಹಾಕುವವನಿಗೆ ಅದು ಹೊಟ್ಟೆಪಾಡು. ಅವನ ಮನೆಯ ಒಲೆ ಉರಿಯುವುದು ಅದರಿಂದ. ನಮಗೆ ಅದು ಆಟ. ಹೊಟ್ಟೆಪಾಡಿಗೆ ಇರುವ ರಿಯಾಯಿತಿ ಆಟಕ್ಕೆ ಇಲ್ಲ. ಕಬಡ್ಡಿಯಲ್ಲಿ ಗೆರೆ ಇದೆ, ಕ್ರಿಕೆಟ್ಟಿನಲ್ಲಿ ಗೆರೆ ಇದೆ. ಗೆರೆ ಇಲ್ಲದ್ದನ್ನು ಆಟವೆನ್ನುವುದಿಲ್ಲ. ಬಲವಿದ್ದವನ ದಬ್ಬಾಳಿಕೆ ಎನ್ನುತ್ತೇವೆ. ಎದುರಾಳಿ ಮೂಕಪ್ರಾಣಿಯಾದಾಗ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. ತಪ್ಪು ಮಾಡಿದಾಗ ಊದಲು ಅಲ್ಲಿ ತೀರ್ಪುಗಾರನಿಲ್ಲ.

ಇಂಥ ಗೆರೆಗಳು ನಮಗೆ ಹೊಸವೂ ಅಲ್ಲ. ಹೊನ್ನಾಳಿಯ ಬಳಿ ಹರಿಯುವ ತುಂಗಭದ್ರೆಯ ಒಂದು ಕವಲಾದ ತುಂಗೆಯನ್ನು ಹಿಡಿದು ಮೇಲಕ್ಕೆ ಹೋದರೆ ಶೃಂಗೇರಿ ಸಿಕ್ಕುತ್ತದೆ. ಅಲ್ಲಿ ಮಠದ ಮುಂದಿನ ಮೀನುಗಳಿಗೆ ಭಕ್ತರು ಪುರಿ ಹಾಕುತ್ತಾರೆಯೇ ಹೊರತು ಗಾಳ ಹಾಕುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲರು ಗಾಳದ ಮೇಲೆ ಬರೆದ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೀನನ್ನು ಹಿಡಿಯುವ ವಿದ್ಯೆಯೊಡನೆ ಮೀನಿನ ಸಂತಾನವನ್ನು ಉಳಿಸುವ ಚಿಂತೆಯೂ ಅವರಿಗಿತ್ತು. 1897ರ ಮೀನುಗಾರಿಕೆ ಕಾಯಿದೆ ನೀರಿಗೆ ಸಿಡಿಮದ್ದನ್ನೂ ವಿಷವನ್ನೂ ಹಾಕಬಾರದೆಂದಿತು. ನಮ್ಮ ತರುಣರು ಗುರುವೆಂದು ಭಾವಿಸಿರುವ ಅಮೆರಿಕ, ಕೆನಡಾಗಳ ಮಾತಿಗೇ ಬರೋಣ. ಅಲ್ಲಿಯೂ ಗಂಡು ಬಾಸ್ ಗೂಡನ್ನು ಕಾಯುತ್ತದೆ. ಆ ಕಾಲದಲ್ಲಿ ಅದನ್ನು ಹಿಡಿಯಬಾರದೆಂಬ ಕಟ್ಟಳೆ ಅಲ್ಲಿನ ಹಲವು ಕಡೆಗಳಲ್ಲಿ ಇದೆ. ಅವರ ಎರೆಯನ್ನು ತರಿಸಿಕೊಂಡ ನಾವು ಅವರ ಕಟ್ಟಳೆಯನ್ನು ಏಕೆ ತರಿಸಿಕೊಳ್ಳಲಿಲ್ಲ? ಅದಕ್ಕೆ ಅಂಚೆಯ ವೆಚ್ಚವೂ ಇರಲಿಲ್ಲ.

ಮೀನು ಮುಗಿಯದ ಸಂಪತ್ತೆಂದು ತಿಳಿದವರು ಕಾವೇರಿಯ ಕಥೆಯನ್ನು ಕೇಳಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದರು. ಅದು ಜಗತ್ತಿಗೇ ಸುದ್ದಿಯಾಯಿತು. ಕಾವೇರಿ ಕೊಳ್ಳದ ಆ ಗೂನುಬೆನ್ನಿನ ಮಹಶೀರ್ ತೀವ್ರ ಅಪಾಯದಲ್ಲಿರುವ ಜಾತಿಯೆಂದು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಎಪ್ಪತ್ತೆರಡು ವರ್ಷ, ಒಂದು ಮನುಷ್ಯ ಆಯುಸ್ಸು. ಅದಕ್ಕೆ ಗಾಳವೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ದೊಡ್ಡ ನದಿಯ ದೊಡ್ಡ ಮೀನಿಗೇ ಆ ಗತಿಯಾದರೆ ಊರಕೆರೆಯ ಕೊರವ ಎಷ್ಟರದು ಎಂದು ಮಾತ್ರ ಕೇಳುತ್ತೇನೆ.

ಇನ್ನೆರಡು ಚಿಕ್ಕ ಮಾತುಗಳು. ದೊಡ್ಡ ಕೆರೆಗಳಲ್ಲಿ ಮೀನಿನ ಹಕ್ಕನ್ನು ಗುತ್ತಿಗೆಗೋ ಮೀನುಗಾರರ ಸಂಘಕ್ಕೋ ಕೊಟ್ಟಿರುತ್ತಾರೆ. ಆದ್ದರಿಂದ ಗಾಳ ಹಾಕುವ ಮುನ್ನ ಕೇಳಿ ಹಾಕುವುದು ಸಭ್ಯತೆ ಮಾತ್ರವಲ್ಲ, ನ್ಯಾಯವೂ ಹೌದು. ಎರಡನೆಯದಾಗಿ, ಕಡಿದುಹೋದ ನೈಲಾನ್ ದಾರವನ್ನು ದಂಡೆಯಲ್ಲಿ ಎಸೆದು ಬರಬಾರದು. ಅದು ಕೊಳೆಯುವ ವಸ್ತುವಲ್ಲ. ಕಾಲಿಗೆ ದಾರ ಸುತ್ತಿಕೊಂಡು ಜೊಂಡಿಗೆ ನೇತುಬಿದ್ದ ನೀರುಕಾಗೆಯೊಂದನ್ನು ನಾನು ಬಿಡಿಸಿದ್ದೇನೆ. ಬಿಡಿಸುವ ಹೊತ್ತಿಗೆ ಅದರಲ್ಲಿ ಜೀವವಿರಲಿಲ್ಲ. ತುಂಡುದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡರೆ ಜೇಬು ಹರಿಯುವುದಿಲ್ಲ.

ಪ್ರಿಯ ಮಿತ್ರರೇ, ಬಿದಿರಿನದಾಗಲಿ ಅಂಗಡಿಯದಾಗಲಿ, ನಿಮ್ಮ ಶಕ್ತಿಗೆ ತಕ್ಕ ಕೋಲನ್ನು ಹಿಡಿಯಿರಿ. ಎರೆಗೆ ಹಣ ಸುರಿಯುವ ಮೊದಲು ಒಂದು ದಿನ ಕೈಕಟ್ಟಿ ಕುಳಿತು ನೀರನ್ನು ಓದಿರಿ. ಆದರೆ ಆಷಾಢ ಶ್ರಾವಣಗಳಲ್ಲಿ ನೀರಿನ ಮೇಲೆ ಆ ಕೆಂಪು ಮುದ್ದೆ ಕಂಡಾಗ ಕೋಲನ್ನು ಕೆಳಗಿಡಿರಿ. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಈ ಒಂದು ನಿಯಮವನ್ನು ತಾವಾಗಿ ಒಪ್ಪಿಕೊಂಡರೆ ಅದನ್ನು ಬೇರೆಯವರಿಗೆ ಹೇಳುವ ಬಾಯಿ ನಮಗೆ ಬರುತ್ತದೆ.

ಕಳೆದ ಮಳೆಗಾಲದಲ್ಲಿ ಅದೇ ಜೊಂಡಿನ ಬಳಿ ಮತ್ತೆ ಒಂದು ಗುಂಪು ಕಂಡಿತು. ಮಾವ ಪಕ್ಕದಲ್ಲಿಯೇ ಇದ್ದರು. ನನ್ನ ಕೋಲನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಆಮೇಲೆ "ಬಾ, ಆ ಕಡೆ ಹೋಗಾನ" ಎಂದರು. ಆ ದಿನ ನಮಗೆ ಒಂದು ಮೀನೂ ಸಿಕ್ಕಲಿಲ್ಲ. ಬರಿಗೈಯಲ್ಲಿ ಬಂದದ್ದಕ್ಕೆ ಮನೆಯಲ್ಲಿ ಅತ್ತೆ ಇಬ್ಬರನ್ನೂ ಬೈದರು.